ಮನುಷ್ಯರು ಬದಿಗಿಟ್ಟವನು

ಪಾಠ: 1 ಸಮುವೇಲ 16:1–13



ಪ್ರವಾದಿಯಾದ ಸಮುವೇಲನು ಅಭಿಷೇಕದ ಎಣ್ಣೆಯನ್ನು ತೆಗೆದುಕೊಂಡು ಬೇತ್ಲೆಹೇಮಿಗೆ ಬಂದಾಗ, ಇಷಯನು ತನ್ನ ಏಳು ಮಂದಿ ಕುಮಾರರನ್ನು ಆತನ ಮುಂದೆ ಹಾದುಹೋಗಮಾಡಿದನು. ಎಂಟನೆಯವನನ್ನು ಕರೆಯಬೇಕೆಂದು ಮನೆಯಲ್ಲಿ ಯಾರಿಗೂ ತೋಚಲಿಲ್ಲ. ಅವನು ಕುರಿಗಳ ಹಿಂದೆ ಇದ್ದನು. ಆಳೆತ್ತರವಾಗಲಿ ರೂಪವಾಗಲಿ ತನ್ನ ತಕ್ಕಡಿಯಲ್ಲಿ ತೂಗುವದಿಲ್ಲವೆಂದು ಕರ್ತನು ತಿಳಿಸಿದ ಮೇಲೆಯೇ ದಾವೀದನಿಗೆ ಕರೆ ಹೋಯಿತು. ಈ ತಿಂಗಳು ನಾವು ಈ ಪಾಠವನ್ನು ಒಬ್ಬ ಕಾಲ್ಚೆಂಡಾಟಗಾರನ ಜೀವಿತದ ಮೂಲಕ ಧ್ಯಾನಿಸೋಣ. ಬ್ಯಾಡರಹಳ್ಳಿಯಲ್ಲಿಯೂ ಮಾಗಡಿ ರಸ್ತೆಯ ಇತರ ಊರುಗಳಲ್ಲಿಯೂ ಸಂಜೆಯ ಹೊತ್ತು ಚೆಂಡಾಡುವ ನಮ್ಮ ಹುಡುಗರು ವಿಶೇಷವಾಗಿ ಕಿವಿಗೊಡಲಿ.

ವಾಲ್ಟರ್ ಟಲ್ ಎಂಬವನು 1888ನೇ ಏಪ್ರಿಲ್ 28ರಂದು ಇಂಗ್ಲೆಂಡಿನ ಫೋಕ್‌ಸ್ಟನ್ ಊರಿನಲ್ಲಿ ಹುಟ್ಟಿದನು. ಅವನ ತಾತನು ಬಾರ್ಬಡೋಸ್ ದ್ವೀಪದಲ್ಲಿ ಗುಲಾಮನಾಗಿದ್ದವನು. ತಂದೆಯು ಅಲ್ಲಿಂದ ಬಂದು ಬಡಗಿಯ ಕೆಲಸ ಮಾಡಿದ ಕಪ್ಪು ಮನುಷ್ಯನು. ತಾಯಿಯು ಆಂಗ್ಲ ಸ್ತ್ರೀ. 1895ರಲ್ಲಿ ತಾಯಿಯೂ 1897ರಲ್ಲಿ ತಂದೆಯೂ ತೀರಿಕೊಂಡರು. ಇಷ್ಟು ಮಕ್ಕಳನ್ನು ಸಾಕುವ ಶಕ್ತಿ ಮಲತಾಯಿಗೆ ಇಲ್ಲದ್ದರಿಂದ, ಒಂಭತ್ತು ವರುಷದ ವಾಲ್ಟರನನ್ನೂ ಅವನ ಅಣ್ಣನಾದ ಎಡ್ವರ್ಡನನ್ನೂ ಲಂಡನ್ನಿನ ಒಂದು ಅನಾಥಾಲಯಕ್ಕೆ ಕಳುಹಿಸಲಾಯಿತು. ಅದನ್ನು 1869ರಲ್ಲಿ ಸ್ಥಾಪಿಸಿದವನು ವೆಸ್ಲಿಯನ್ ಬೋಧಕನಾದ ಸ್ಟೀವನ್‌ಸನ್. ನಮ್ಮ ಮೈಸೂರು ಸೀಮೆಗೆ ಬೋಧಕರನ್ನು ಕಳುಹಿಸಿದ್ದು ಅದೇ ವೆಸ್ಲಿಯನ್ ಸಭೆ ಎಂಬದನ್ನು ನೆನಪಿನಲ್ಲಿಡೋಣ. ಎರಡು ವರುಷಗಳಲ್ಲಿ ಅಣ್ಣನನ್ನು ಗ್ಲಾಸ್ಗೋ ಪಟ್ಟಣದ ಒಂದು ಕುಟುಂಬದವರು ದತ್ತು ತೆಗೆದುಕೊಂಡರು. ಅವನು ಮುಂದೆ ದಂತವೈದ್ಯನಾದನು. ತಮ್ಮನು ಆಶ್ರಮದಲ್ಲಿಯೇ ಉಳಿದು, ಅಚ್ಚಿನ ಕೆಲಸವನ್ನು ಕಲಿಯುತ್ತಾ ಚೆಂಡಾಡುತ್ತಾ ಬೆಳೆದನು.

1909ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ತಂಡದವರು ಅವನಿಗೆ ಸಂಬಳ ಗೊತ್ತುಮಾಡಿ ಸೇರಿಸಿಕೊಂಡರು. ಆ ದೇಶದಲ್ಲಿ ಸಂಬಳಕ್ಕೆ ಆಡಿದ ಕಪ್ಪು ಮನುಷ್ಯರು ಆಗ ಅತಿ ವಿರಳ. ಅದೇ ವರುಷ ಬ್ರಿಸ್ಟಲ್ ಪಟ್ಟಣದ ಆಟದಲ್ಲಿ ಪ್ರೇಕ್ಷಕರಲ್ಲಿ ಕೆಲವರು ಅವನ ಮೈಬಣ್ಣವನ್ನು ಎತ್ತಿ ಹೀನವಾಗಿ ಬೈದರು. ಒಬ್ಬ ಪತ್ರಿಕಾ ಲೇಖಕನು ಆ ಬೈಗುಳನ್ನು ಖಂಡಿಸಿ, ಆ ದಿನ ಮನಸ್ಸಿನಲ್ಲಿಯೂ ಆಟದ ರೀತಿಯಲ್ಲಿಯೂ ಶುದ್ಧನಾಗಿದ್ದವನು ಟಲ್ಲನೇ ಎಂದು ಬರೆದನು. ಆದಾಗ್ಯೂ ಸ್ವಲ್ಪ ಕಾಲದಲ್ಲಿಯೇ ಅವನು ಮುಖ್ಯ ತಂಡದಿಂದ ತಪ್ಪಿಹೋದನು. 1911ರಲ್ಲಿ ನಾರ್ಥಾಂಪ್ಟನ್ ತಂಡವು ಅವನನ್ನು ಕರೆದುಕೊಂಡಿತು; ಅಲ್ಲಿ ನೂರಕ್ಕೂ ಹೆಚ್ಚು ಆಟಗಳನ್ನು ಆಡಿ ಜನರ ಪ್ರೀತಿಗೆ ಪಾತ್ರನಾದನು.

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಯಿತು. ನಮ್ಮ ಮೈಸೂರು ಲಾನ್ಸರ್ಸ್ ಕುದುರೆ ಸೈನ್ಯವು 1918ನೇ ಸಪ್ಟಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿಯುವದರಲ್ಲಿ ಪಾಲುಗೊಂಡದ್ದು ಅದೇ ಯುದ್ಧದಲ್ಲಿ. 1914ನೇ ಡಿಸೆಂಬರಿನಲ್ಲಿ ಟಲ್ಲನು ಚೆಂಡಾಟಗಾರರ ದಳವೆಂದು ಹೆಸರಾದ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೇ ದಳಕ್ಕೆ ಸೇರಿದನು. ಬೇಗನೆ ಸಾರ್ಜೆಂಟನಾದನು. 1916ರಲ್ಲಿ ಗುಂಡಿನ ಆರ್ಭಟದಿಂದ ಮನಸ್ಸು ಕದಡಿ ಆಸ್ಪತ್ರೆ ಸೇರಿದನು. ಗುಣವಾಗಿ ತಿರಿಗಿ ಸೊಮ್ ನದಿಯ ಘೋರ ಕಾಳಗಕ್ಕೆ ಹೋದನು. ಯೂರೋಪ್ಯ ವಂಶದವರಲ್ಲದವರು ಸೈನ್ಯದಲ್ಲಿ ಅಧಿಕಾರ ನಡಿಸಕೂಡದೆಂಬದು ಆ ಕಾಲದ ನಿಯಮ. ಅದಿದ್ದಾಗ್ಯೂ 1917ನೇ ಮೇ 30ರಂದು ಅವನು ಸೆಕೆಂಡ್ ಲೆಫ್ಟಿನೆಂಟನಾದನು. ಬ್ರಿಟಿಷ್ ಸೈನ್ಯದಲ್ಲಿ ಬಿಳಿಯರನ್ನು ಯುದ್ಧದಲ್ಲಿ ನಡಿಸಿದ ಕಪ್ಪು ಅಧಿಕಾರಿಗಳಲ್ಲಿ ಮೊದಲಿಗರ ಪಂಕ್ತಿಗೆ ಸೇರಿದನು. ಇಟಲಿಯ ಪಿಯಾವೆ ನದಿಯನ್ನು ರಾತ್ರಿಯಲ್ಲಿ 26 ಮಂದಿಯೊಡನೆ ದಾಟಿ, ಒಬ್ಬನನ್ನೂ ಕಳೆದುಕೊಳ್ಳದೆ ಹಿಂತಿರುಗಿದನು. ಅವನ ಧೈರ್ಯವನ್ನೂ ಸಮಾಧಾನಚಿತ್ತವನ್ನೂ ಸೇನಾಪತಿಯು ಹೊಗಳಿದನು.

1918ನೇ ಮಾರ್ಚ್ 25ರಂದು ಫ್ರಾನ್ಸ್ ದೇಶದ ಫಾವ್ರ್ಯೂಯ್ ಹಳ್ಳಿಯ ಬಳಿಯಲ್ಲಿ ಅವನು ಗುಂಡು ತಗಲಿ ಸತ್ತನು. ವಯಸ್ಸು 29. ಲೆಸ್ಟರ್ ಊರಿನ ತಂಡದ ಗೋಲ್‌ಕೀಪರನಾಗಿದ್ದ ಬಿಲಿಂಗ್‌ಹ್ಯಾಮ್ ಎಂಬ ಸಿಪಾಯಿಯು ಗುಂಡಿನ ಮಳೆಯಲ್ಲಿ ಅವನ ದೇಹವನ್ನು ಎಳೆದು ತರಲು ಯತ್ನಿಸಿದನು, ಆಗಲಿಲ್ಲ. ಅವನಿಗೆ ಗುರುತಿನ ಸಮಾಧಿಯಿಲ್ಲ. ಅರಾಸ್ ಪಟ್ಟಣದ ಸ್ಮಾರಕದ ಕಲ್ಲಿನಲ್ಲಿ ಹೆಸರು ಮಾತ್ರ ಉಂಟು.

ಪ್ರಿಯರೇ, ಯುದ್ಧವನ್ನು ಹೊಗಳುವದಕ್ಕೆ ನಾವು ಇದನ್ನು ಬರೆಯಲಿಲ್ಲ. ಮೂರು ಸಂಗತಿಗಳನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಮೊದಲನೆಯದು: ಅನಾಥನಿಗೆ ತೆರೆದ ಬಾಗಿಲು ವ್ಯರ್ಥವಾಗುವದಿಲ್ಲ. ಆ ದಿನ ಬಾಗಿಲಲ್ಲಿ ನಿಂತ ಇಬ್ಬರು ಹುಡುಗರು ಏನಾಗುವರೆಂದು ಆಶ್ರಮದವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅನ್ನವಿಟ್ಟರು.

ಎರಡನೆಯದು: ಹೀನಾಯದ ಮಾತು ಆಡಿದವನ ಬಾಯನ್ನು ಹೊಲಸು ಮಾಡುತ್ತದೆ, ಕೇಳಿದವನನ್ನಲ್ಲ. ಹುಟ್ಟನ್ನು ಎತ್ತಿ ಆಡಿದ ಮಾತಿನಿಂದ ನೊಂದವರು ನಮ್ಮ ಸಭೆಗಳಲ್ಲಿ ಬಹು ಮಂದಿ ಇದ್ದಾರೆ. ಅವರು ತಲೆ ತಗ್ಗಿಸಬೇಕಾದದ್ದಿಲ್ಲ. ಕರ್ತನು ಅವರನ್ನು ಎಂದೂ ಬದಿಗಿಟ್ಟವನಲ್ಲ.

ಮೂರನೆಯದೇ ನಮಗೆ ಕಠಿಣವಾದದ್ದು. ಬ್ರಿಸ್ಟಲಿನ ಆ ಗುಂಪನ್ನು ಕುರಿತು ಓದಿ ನಾವು ಛೀ ಎನ್ನುತ್ತೇವೆ. ಆದರೆ ದೇವರ ಆಲಯದಲ್ಲಿ ಹೊಸದಾಗಿ ಬಂದವನ ಪಕ್ಕದಲ್ಲಿ ಕೂರುವದಕ್ಕೆ ಮೊದಲು, ಅವನು ಯಾವ ಕೇರಿಯವನೆಂದು ನಮ್ಮಲ್ಲಿ ಯಾರೂ ವಿಚಾರಿಸುವದಿಲ್ಲವೋ? ಮಗಳಿಗೆ ವರನನ್ನು ನೋಡುವಾಗ, ದೀಕ್ಷಾಸ್ನಾನದಲ್ಲಿ ತೊಳೆದುಹೋಯಿತೆಂದು ಹೇಳಿಕೊಳ್ಳುವ ಹಳೆಯ ಜಾತಿಯನ್ನು ತಿರಿಗಿ ಕೆದಕುವದಿಲ್ಲವೋ? ಹಾಗೆ ಮಾಡುವವರು ಎಲೀಯಾಬನನ್ನು ಒಳಗೆ ಕೂರಿಸಿ, ದಾವೀದನನ್ನು ಕುರಿಗಳ ಹಿಂದೆಯೇ ಬಿಟ್ಟವರಾಗುತ್ತಾರೆ.

ಬರುವ ಭಾನುವಾರ ನಮ್ಮ ಆಲಯದಲ್ಲಿ ಹಿಂದಿನ ಸಾಲಿನಲ್ಲಿ ಒಂಟಿಯಾಗಿ ಕೂತವನು ಯಾರೆಂದು ನೋಡೋಣ. ಎದ್ದು ಹೋಗಿ ಅವನ ಪಕ್ಕದಲ್ಲಿ ಕೂರೋಣ. ಪಕ್ಷಪಾತವಿಲ್ಲದ ತಂದೆಯು ನಮ್ಮ ಕಣ್ಣುಗಳನ್ನು ತಿದ್ದಲಿ. ಆಮೆನ್.