ಪಿತ್ರಾರ್ಜಿತವೋ ಸ್ವಯಾರ್ಜಿತವೋ

ಆಸ್ತಿಯಲ್ಲಿ ಪಿತ್ರಾರ್ಜಿತ, ಸ್ವಯಾರ್ಜಿತ ಎಂದು ಎರಡು ಬಗೆ. ಹಿಡಿದದ್ದನ್ನು ಬಿಡದ ಛಲ, ಸೋಲಿನಲ್ಲೂ ಬಾಗದ ನಿಷ್ಠೆ ಇವು ಯಾವ ಬಗೆಗೆ ಸೇರಿದವು? ಚೀನಾದ ಪ್ರಾಚೀನ ಕಾವ್ಯ ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕವಿ ವೆನ್ ತಿಯೆನ್‌ಷಿಯಾಂಗ್‌ನ ಸೆರೆಮನೆಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

1256ರ ರಾಜಪರೀಕ್ಷೆಯಲ್ಲಿ ಮೊದಲಿಗನಾಗಿ ತೇರ್ಗಡೆಯಾದವನು ಅವನು. ಸುಂಗ್ ರಾಜ್ಯ ಮುಳುಗುತ್ತಿದ್ದಾಗ ಮನೆಯ ಹಣ ಸುರಿದು ದಂಡು ಕಟ್ಟಿದ, ಸೋತು ಸೆರೆಸಿಕ್ಕಿದ. ಗೆದ್ದ ಮಂಗೋಲರ ದೊರೆ ಕುಬ್ಲಾಯ್ ಖಾನನ ರಾಜಧಾನಿ ದಾದುವಿನಲ್ಲಿ, ಎಂದರೆ ಇಂದಿನ ಬೀಜಿಂಗಿನಲ್ಲಿ, ಮೂರು ವರ್ಷ ಕಳೆದ. ಮಳೆ ಬಂದರೆ ನೀರು ನುಗ್ಗುವ, ಬಿಸಿಲೇರಿದರೆ ಕೆಸರು ಹಬೆಯಾಡುವ ಮಣ್ಣಿನ ಕೋಣೆ. ಹೊಸ ದೊರೆಯ ಕೈಕೆಳಗೆ ಅಧಿಕಾರ ಒಪ್ಪಿಕೊಂಡಿದ್ದರೆ ಹೊರಗೆ ಬರಬಹುದಿತ್ತು. ಒಪ್ಪಲಿಲ್ಲ. 1283ರ ಜನವರಿಯಲ್ಲಿ ಅವನನ್ನು ಕೊಂದರು.

ಆ ಸೆರೆಯಲ್ಲಿ ಅವನು ಬರೆದದ್ದು ‘ಝೆಂಗ್‌ಚಿ’ ಹಾಡು, ಋಜುವಾದ ಪ್ರಾಣಶಕ್ತಿಯ ಹಾಡು. ಅದರಲ್ಲಿ 12 ಮಂದಿ ಹಿಂದಿನವರನ್ನು ನೆನೆಯುತ್ತಾನೆ. ಒಬ್ಬನೂ ಅವನ ವಂಶದವನಲ್ಲ. ಮೊದಲು ಬರುವವನು ಛೀ ರಾಜ್ಯದ ಚರಿತ್ರೆಕಾರ. ಮಂತ್ರಿ ದೊರೆಯನ್ನು ಕೊಂದನೆಂದು ಇದ್ದದ್ದನ್ನು ಇದ್ದಂತೆ ಬರೆದ, ಅದಕ್ಕೇ ಪ್ರಾಣ ತೆತ್ತ. ತಮ್ಮಂದಿರು ಒಬ್ಬರ ಹಿಂದೆ ಒಬ್ಬರು ಅದೇ ಮಾತು ಬರೆದು ಸತ್ತರು. ಕೊನೆಯ ತಮ್ಮನೂ ಅದನ್ನೇ ಬರೆದಾಗ ಮಂತ್ರಿ ಕೈಬಿಟ್ಟ. ಇದು ರಕ್ತದ ಬಳುವಳಿಯಲ್ಲವೇ ಎಂದು ಕೇಳಬಹುದು. ಆದರೆ ಅಣ್ಣನ ಹೆಣ ಕಣ್ಣೆದುರಿಗಿದ್ದಾಗ ಪ್ರತಿಯೊಬ್ಬ ತಮ್ಮನೂ ಲೇಖನಿಯನ್ನು ತಾನೇ ಎತ್ತಿಕೊಳ್ಳಬೇಕಾಯಿತು. ಆ ಕ್ಷಣದಲ್ಲಿ ಒಡಹುಟ್ಟುವಿಕೆ ಯಾರ ಕೈಯನ್ನೂ ಹಿಡಿದು ಬರೆಸಲಾರದು.

ವೆನ್ ಮಾಡಿದ ಇನ್ನೊಂದು ಕೆಲಸ ನನಗೆ ಈ ಹಾಡಿಗಿಂತ ದೊಡ್ಡದಾಗಿ ಕಾಣುತ್ತದೆ. 770ರಲ್ಲಿ ತೀರಿಕೊಂಡ ಕವಿ ದು ಫುವಿನ ಸಾಲುಗಳನ್ನು ಆಯ್ದು, ನಾಲ್ಕು ನಾಲ್ಕರಂತೆ ಜೋಡಿಸಿ, ವೆನ್ ಸೆರೆಯಲ್ಲಿ 200 ಪದ್ಯ ಕಟ್ಟಿದ. ತಾನು ಹೇಳಬೇಕೆಂದದ್ದನ್ನು ದು ಫು ಆಗಲೇ ಹೇಳಿದ್ದಾನೆ, ಓದುತ್ತ ಓದುತ್ತ ಅವು ತನ್ನವೇ ಅನಿಸುತ್ತವೆ ಎಂದುಕೊಂಡ. ಕಾವ್ಯ ನಮ್ಮ ಮನೆತನದ ಕಸುಬು ಎಂದು ದು ಫು ತನ್ನ ಮಗನಿಗೆ ಹೇಳಿದ್ದುಂಟು. ಐನೂರು ವರ್ಷಗಳ ಮೇಲೆ ಆ ಮನೆಗೆ ಹಕ್ಕುದಾರನಾಗಿ ಬಂದವನು ಬೇರೆ ಕುಲದ ಒಬ್ಬ ಸೆರೆಯಾಳು. ಇಲ್ಲಿ ಹಿರಿಯ ತನ್ನ ವಾರಸುದಾರನನ್ನು ಆರಿಸಿಲ್ಲ; ವಾರಸುದಾರನೇ ಹಿರಿಯನನ್ನು ಆರಿಸಿಕೊಂಡಿದ್ದಾನೆ. ಕಾವ್ಯದ ದಾಯಭಾಗ ನಡೆಯುವುದು ಹೀಗೆ ಎಂದು ನಾನು ನಂಬುತ್ತೇನೆ.

ಇದೇ ವೆನ್‌ನ ಒಡಹುಟ್ಟಿದ ತಮ್ಮ ವೆನ್ ಬಿ ಹುಯಿಝೌ ಪಟ್ಟಣವನ್ನು ಮಂಗೋಲರಿಗೆ ಒಪ್ಪಿಸಿ ಶರಣಾದ. ಅವನನ್ನು ಹೇಡಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಮನೆಯ ದೀಪ ಆರದಂತೆ, ಪಿತೃಗಳಿಗೆ ನೀರು ಬಿಡುವವರು ಇಲ್ಲವಾಗದಂತೆ ನೋಡಿಕೊಳ್ಳುವುದೂ ಒಂದು ನಿಷ್ಠೆಯೇ. ಅದನ್ನು ಹಾಡಲು ಆ ಪರಂಪರೆಯ ಕವಿಗಳು ಅಷ್ಟಾಗಿ ಮನಸ್ಸು ಮಾಡಲಿಲ್ಲ, ಅಷ್ಟೆ. ಅಣ್ಣನೂ ತಮ್ಮನನ್ನು ತೊರೆಯಲಿಲ್ಲ. ಹೆತ್ತ ಗಂಡುಮಕ್ಕಳನ್ನು ಕಳೆದುಕೊಂಡಿದ್ದ ಅವನು ತಮ್ಮನ ಮಗನನ್ನೇ ದತ್ತು ತೆಗೆದುಕೊಂಡ. ಆ ಮಗ ಮುಂದೆ ಅದೇ ಮಂಗೋಲರ ಯುವಾನ್ ವಂಶದ ಅರಸರ ಬಳಿ ಅಧಿಕಾರಕ್ಕೆ ಸೇರಿದ.