ಊರ ಭಂಡಾರವೂ ಗೃಹಸ್ಥನ ಹೊಣೆಯೂ

ತೆರಿಗೆ ತೆತ್ತೊಡನೆ ಗೃಹಸ್ಥನ ಹೊಣೆ ತೀರಿತೆ? ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರನ್ನು ನೆನೆಯುವ ನಮಗೆ ಈ ಪ್ರಶ್ನೆ ಹೊರಗಿನದಲ್ಲ.

ಬೆಂಗಳೂರಿನ ದಂಡು ಪ್ರದೇಶವು 1949ರಲ್ಲಿ ಪೇಟೆಯೊಡನೆ ಕೂಡಿ ಒಂದೇ ಪಾಲಿಕೆಯಾಯಿತು. 2025ರಲ್ಲಿ ನಗರಕ್ಕೆ ಐದು ಪಾಲಿಕೆಗಳಾದುವು. ನಗರದ ಆಯವ್ಯಯಕ್ಕೆ ಜನರ ಸಲಹೆಗಳನ್ನು ಕೂಡಿಸುವ ‘ನನ್ನ ನಗರ ನನ್ನ ಬಜೆಟ್’ ಅಭಿಯಾನವನ್ನು ಜನಾಗ್ರಹ ಸಂಸ್ಥೆಯು 2015ರಲ್ಲಿ ಆರಂಭಿಸಿತು. ಕೇಂದ್ರದ ಮುಂಗಡಪತ್ರಕ್ಕೂ 2014ರಲ್ಲಿ ತೆರೆದ ಮೈಗವ್ ಜಾಲತಾಣದ ಮೂಲಕ ಸಲಹೆ ಕೇಳುವುದುಂಟು. ಇಂದಿರಾನಗರದ ಮನೆಯಲ್ಲಿ ಕುಳಿತೇ ಬರೆದು ಕಳುಹಿಸಬಹುದು. ಇದು ಸಾಮಾನ್ಯ ಭಾಗ್ಯವಲ್ಲ.

ಆದರೆ ನಾವು ಬೇಡುವುದೇನು? ನಮ್ಮ ಬೀದಿಗೆ ದೀಪ, ನಮ್ಮ ಬಾಗಿಲಿಗೆ ಕಾಲುದಾರಿ. ಶಿವಾಜಿನಗರದ ಮಾರುಕಟ್ಟೆಯಲ್ಲಿ ಮೂಟೆ ಹೊರುವವನಿಗೆ, ಕೃಷ್ಣರಾಜಪುರದಲ್ಲಿ ನೀರಿನ ಟ್ಯಾಂಕರಿಗಾಗಿ ಕಾಯುವ ತಾಯಿಗೆ ಬರೆಯಲು ಬಿಡುವಿಲ್ಲ. ಕೊಳ್ಳುವ ಸಾಬೂನಿನ ಮೇಲೆ ಅವರೂ ತೆರಿಗೆ ತೆರುವವರೇ. ಬರೆದವರ ಬೇಡಿಕೆಯನ್ನೇ ಊರಿನ ಬೇಡಿಕೆಯೆಂದು ಎಣಿಸಿದರೆ ಅವರ ಹಣವು ನಮ್ಮ ಬೀದಿಗೇ ಹರಿದೀತು.

ಹಾಗೆಂದು ಸುಮ್ಮನಿರುವುದೂ ಧರ್ಮವಲ್ಲ. ಮೌನದಿಂದ ಅವರಿಗೇನೂ ದೊರೆಯದು. ಆದುದರಿಂದ ಬರೆಯುವ ಮುನ್ನ ನಮ್ಮ ಮನೆಯಲ್ಲಿ ದುಡಿಯುವ ತಾಯಿಯನ್ನು ಒಂದು ಮಾತು ಕೇಳೋಣ. ಆಕೆಯ ಬೇಡಿಕೆಯನ್ನು ಮೊದಲು ಬರೆದು, ನಮ್ಮದನ್ನು ಅನಂತರ ಬರೆಯೋಣ. ದಾಸೋಹಭಾವವು ಭಂಡಾರದ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದು ಹೀಗೆಯೇ.