ಒಂದೇ ಪಂಕ್ತಿ, ಒಂದೇ ಸೌಟು

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಕೋಟೆಯ ಬಾಗಿಲು ದಾಟಿದರೆ ಎದುರಿಗೇ ಸಿಗುವುದು ಕಿಂಗ್ ಆರ್ಥರ್ ಕ್ಯಾರೊಸೆಲ್. ಕುದುರೆ ಹತ್ತಿ ಸುತ್ತುವ ಮೆರಿಗೋರೌಂಡ್. 1922ರಲ್ಲಿ ತಯಾರಾದ ಇದು ಟೊರಾಂಟೊದ ಪಾರ್ಕೊಂದರಲ್ಲಿತ್ತು. ವಾಲ್ಟ್ ಡಿಸ್ನಿ ಕೊಂಡು ತರಿಸಿದರು. ಆ ಕಾಲದ ಮೆರಿಗೋರೌಂಡ್‌ಗಳಲ್ಲಿ ಎರಡು ಬಗೆಯ ಕುದುರೆ ಇರುತ್ತಿದ್ದವು. ಕೆಲವು ಮೇಲೆ ಕೆಳಗೆ ನೆಗೆಯುತ್ತಿದ್ದವು, ಕೆಲವು ನಾಲ್ಕೂ ಕಾಲು ಊರಿ ನಿಂತಲ್ಲೇ ಇರುತ್ತಿದ್ದವು. ಓಡಿ ಹೋದ ಮಗುವಿಗೆ ನೆಗೆಯುವ ಕುದುರೆ, ಹಿಂದೆ ಬಿದ್ದ ಮಗುವಿಗೆ ನಿಂತ ಕುದುರೆ. ಡಿಸ್ನಿ ಇದನ್ನು ಒಪ್ಪಲಿಲ್ಲ. ತಮ್ಮ ಪಾರ್ಕಿನಲ್ಲಿ ಎಲ್ಲವೂ ನೆಗೆಯುವ ಕುದುರೆಗಳೇ ಆಗಬೇಕೆಂದು ಹಠ ಹಿಡಿದು ಹಾಗೆಯೇ ಮಾಡಿಸಿದರು. ಮಕ್ಕಳು ಬಿಳಿ ಕುದುರೆಯನ್ನೇ ಹೆಚ್ಚು ಬಯಸುತ್ತಾರೆಂದು 1975ರಲ್ಲಿ ಎಲ್ಲ ಕುದುರೆಗಳಿಗೂ ಬಿಳಿ ಬಣ್ಣ ಬಳಿದರು.

ಮಗಳು ಅಲ್ಲಿಗೆ ಹತ್ತಿರದ ಅರ್ವೈನ್‌ನಲ್ಲಿದ್ದಾಳೆ. ಮೊಮ್ಮಗಳನ್ನು ಆ ಮೆರಿಗೋರೌಂಡ್‌ನ ಕುದುರೆ ಹತ್ತಿಸಿ ಕಟಕಟೆಯ ಹೊರಗೆ ನಿಂತು ನಾನು ಬಹಳ ಹೊತ್ತು ನೋಡಿದೆ. ಬಣ್ಣ ಒಂದೇ ಆದರೂ ಒಂದೊಂದು ಕುದುರೆಯ ಕತ್ತಿನ ಬಾಗು ಬೇರೆ, ಜೂಲಿನ ಕೆತ್ತನೆ ಬೇರೆ. ಮುಂಗಾಲು ಮಡಚಿ ಏಳುವುದು ಮಾತ್ರ ಎಲ್ಲದರದೂ ಒಂದೇ. ಯಾವ ಮಗುವಿಗೂ ಕಡಿಮೆ ಕುದುರೆ ಸಿಕ್ಕಿರಲಿಲ್ಲ.

ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು ನಾನು. ಆದರೆ ಧರ್ಮದ ಮೊದಲ ಪಾಠ ಕಲಿತದ್ದು ಕೊಪ್ಪರಿಗೆಯ ಪಕ್ಕದಲ್ಲಿ. ಅಪ್ಪ ಸಾಗರದ ಕಡೆ ಮದುವೆ, ಉಪನಯನ, ದೇವಸ್ಥಾನದ ಸಂತರ್ಪಣೆಗಳಿಗೆ ಅಡುಗೆ ಮಾಡುತ್ತಿದ್ದರು. ಬಡಿಸುವುದಕ್ಕೆ ನಾವು ಹುಡುಗರು. ಅವರ ಕಟ್ಟಪ್ಪಣೆ ಒಂದಿತ್ತು: “ಪಾಯಸ ಸಾಲ್ತಿಲ್ಲ ಅನ್ನಿಸಿದ್ರೆ ಮೊದಲನೇ ಎಲೆಯಿಂದಲೇ ಸೌಟು ಸಣ್ಣ ಮಾಡು. ಕೊನೇ ಎಲೆಯವನ ಹತ್ರ ಹೋಗಿ ಇಲ್ಲ ಅನ್ಬೇಡ.” ಒಂದೇ ಪಂಕ್ತಿಯಲ್ಲಿ ಕೂತವರಲ್ಲಿ ಒಬ್ಬನ ಎಲೆಗೆ ಗೋಡಂಬಿ ಹುಡುಕಿ ಹಾಕಿ, ಪಕ್ಕದವನಿಗೆ ತಿಳಿ ಹೊಯ್ಯುವುದು ಅವರ ಕಣ್ಣಿಗೆ ಕಳ್ಳತನಕ್ಕಿಂತ ಕೀಳು.

ಅಮ್ಯೂಸ್‌ಮೆಂಟ್ ಪಾರ್ಕಿಗೂ ಪಂಕ್ತಿ ಧರ್ಮಕ್ಕೂ ಎತ್ತಣ ಸಂಬಂಧ ಎಂದು ಕೇಳಬಹುದು. ಅಲ್ಲಿ ನಡೆಯುವುದು ವ್ಯಾಪಾರ, ಟಿಕೆಟ್ ಕೊಂಡವನು ಅತಿಥಿಯಲ್ಲ, ಗಿರಾಕಿ. ನನಗೆ ಹಾಗೆ ಕಾಣುವುದಿಲ್ಲ. ದುಡ್ಡು ಪಡೆದೇ ಆಗಲಿ, ನೂರು ಜನರನ್ನು ಒಟ್ಟಿಗೆ ಕೂರಿಸಿ ಸಂತೋಷ ಬಡಿಸುತ್ತೇನೆ ಎಂದವನ ಮೇಲೆ ಒಂದು ಋಣ ಬೀಳುತ್ತದೆ. ಅಪ್ಪನೂ ಸಂಭಾವನೆ ಪಡೆದೇ ಅಡುಗೆ ಮಾಡುತ್ತಿದ್ದದ್ದು.

ಡಿಸ್ನಿಲ್ಯಾಂಡ್ 1955ರ ಜುಲೈನಲ್ಲಿ ತೆರೆದಾಗ ದೊಡ್ಡವರಿಗೆ ಪ್ರವೇಶ ಶುಲ್ಕ ಒಂದು ಡಾಲರ್. ಒಳಗೆ ಒಂದೊಂದು ಆಟಕ್ಕೂ ಬೇರೆ ದುಡ್ಡು. ಮುಂದೆ ಟಿಕೆಟ್ ಪುಸ್ತಕಗಳು ಬಂದವು. ಎ ಟಿಕೆಟ್ ಸಣ್ಣ ಆಟಕ್ಕೆ. 1959ರಲ್ಲಿ ಸೇರಿದ ಇ ಟಿಕೆಟ್ ಎಲ್ಲಕ್ಕಿಂತ ದೊಡ್ಡ ಆಟಗಳಿಗೆ. ಅದೂ ಶ್ರೇಣಿಯೇ ಅಲ್ಲವೇ ಎನ್ನಬಹುದು. ಹೌದು, ಆದರೆ ಶ್ರೇಣಿ ಇದ್ದದ್ದು ಆಟಗಳಿಗೆ, ಮನುಷ್ಯರಿಗಲ್ಲ. ಇ ಟಿಕೆಟ್ ಹರಿದುಕೊಟ್ಟ ಬ್ಯಾಂಕ್ ಮಾಲೀಕನೂ ಬಸ್ ಡ್ರೈವರನೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. 1982ರಲ್ಲಿ ಆ ಪುಸ್ತಕಗಳನ್ನು ಕೈಬಿಟ್ಟು, ಬಾಗಿಲಲ್ಲಿ ಒಮ್ಮೆ ದುಡ್ಡು ಕೊಟ್ಟರೆ ಎಲ್ಲ ಆಟವೂ ನಿಮ್ಮದು ಎಂದರು. 1999ರಲ್ಲಿ ಬಂದ ಫಾಸ್ಟ್‌ಪಾಸ್ ಸಾಲಿನಲ್ಲಿ ನಿಲ್ಲುವ ಬದಲು ಹೊತ್ತು ಗೊತ್ತುಮಾಡಿಕೊಡುವ ಚೀಟಿ. ಅದೂ ಎಲ್ಲರಿಗೂ ಪುಕ್ಕಟೆ.

2021ರಲ್ಲಿ ಆ ಚೀಟಿಗೆ ದುಡ್ಡಿಟ್ಟರು. 2024ರ ಅಕ್ಟೋಬರಿನಲ್ಲಿ ಅದರ ಮೇಲೊಂದು ಮೆಟ್ಟಿಲು ಕಟ್ಟಿದರು: ಲೈಟ್ನಿಂಗ್ ಲೇನ್ ಪ್ರೀಮಿಯರ್ ಪಾಸ್. ಬಾಗಿಲ ಟಿಕೆಟ್ ಅಲ್ಲದೆ ತಲೆಗೆ ಇನ್ನಷ್ಟು ದುಡ್ಡು (ಶುರುವಿನಲ್ಲಿ 400 ಡಾಲರ್) ಕೊಟ್ಟರೆ, ಆ ಸೌಲಭ್ಯವಿರುವ ಪ್ರತಿ ಆಟಕ್ಕೂ ಒಂದೊಂದು ಸಲ, ಹೊತ್ತು ಗೊತ್ತುಮಾಡಿಕೊಳ್ಳುವ ಗೋಜಿಲ್ಲದೆ ಬೇಕೆಂದಾಗ ಬೇರೆ ದಾರಿಯಲ್ಲಿ ಹೋಗಬಹುದು. ಅದೇ ತಿಂಗಳು, ಜನ ಹೆಚ್ಚಿರುವ ದಿನದ ಬಾಗಿಲ ಟಿಕೆಟ್ 206 ಡಾಲರ್ ಆಯಿತು. ಬಿಡದಿ ಹತ್ತಿರದ ನಮ್ಮ ವಂಡರ್‌ಲಾದಲ್ಲೂ ಹೆಚ್ಚಿನ ದರದ ಫಾಸ್ಟ್ ಟ್ರ್ಯಾಕ್ ಟಿಕೆಟ್ ಉಂಟು. ಇದು ಒಂದು ಕಂಪನಿಯ ಕಥೆಯಲ್ಲ, ಇಡೀ ಉದ್ಯಮ ಹಿಡಿದಿರುವ ದಾರಿ.

ಟಿಕೆಟ್ ದರ ಏರಿದ್ದನ್ನೇ ನಾನು ಅಧರ್ಮ ಎನ್ನುವುದಿಲ್ಲ. ಸಂಬಳ ಏರುತ್ತದೆ, ಕಬ್ಬಿಣ, ಕರೆಂಟು, ವಿಮೆ ಎಲ್ಲ ಏರುತ್ತವೆ. ಬಡ ಮನೆಯ ಮಗು ಬಾಗಿಲ ಹೊರಗೇ ಉಳಿಯುತ್ತದೆ ಎಂಬ ನೋವು ದೊಡ್ಡದು. ಆದರೆ ಆ ದರ ಬೋರ್ಡಿನ ಮೇಲೆ ಬರೆದಿದೆ, ಕೈಲಾಗದವನು ಮನೆಯಲ್ಲೇ ತೀರ್ಮಾನ ಮಾಡಬಹುದು. ನನ್ನ ತಕರಾರು ಒಳಗೆ ಬಿಟ್ಟುಕೊಂಡ ಮೇಲೆ ಮಾಡುವ ಪಂಕ್ತಿಭೇದದ ಬಗ್ಗೆ.

ವಿಮಾನದಲ್ಲಿ ಬಿಸಿನೆಸ್ ಕ್ಲಾಸ್ ಇಲ್ಲವೇ ಎಂದು ನನ್ನ ಅಳಿಯ ವಾದಿಸಿದ. ಬುದ್ಧಿವಂತ ಹುಡುಗ, ಅವನ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಮುಂದಿನ ಸೀಟಿನವನು ಕಾಲು ಚಾಚಿ ಮಲಗಿದ ಮಾತ್ರಕ್ಕೆ ಹಿಂದಿನ ಸೀಟಿನವನು ಬೆಂಗಳೂರಿಗೆ ತಡವಾಗಿ ತಲುಪುವುದಿಲ್ಲ. ಸಾಲಿನ ಲೆಕ್ಕ ಹಾಗಲ್ಲ. ಒಂದು ಆಟ ಗಂಟೆಗೆ ಸಾವಿರ ಜನರನ್ನು ಕೂರಿಸುತ್ತದೆ ಎಂದಿಟ್ಟುಕೊಳ್ಳಿ. ಆ ಸಾವಿರ ಎಂಬುದು ಗಾಡಿ, ಹಳಿ, ಮೋಟಾರುಗಳಿಂದ ನಿಗದಿಯಾದದ್ದು, ಎಷ್ಟು ದುಡ್ಡು ಕೊಟ್ಟರೂ ಆ ಗಂಟೆಯಲ್ಲಿ ಸಾವಿರದ ಒಂದನೆಯವನು ಕೂರಲಾರ. ಅದರಲ್ಲಿ ಆರುನೂರು ಸೀಟು ದುಡ್ಡಿನ ದಾರಿಯವರಿಗೆ ಹೋದರೆ ಸಾಮಾನ್ಯ ಸಾಲಿಗೆ ಉಳಿಯುವುದು ನಾನೂರು. ಒಂದು ಗಂಟೆಯಲ್ಲಿ ಕರಗಬೇಕಿದ್ದ ಸಾಲು ಎರಡೂವರೆ ಗಂಟೆ ಎಳೆಯುತ್ತದೆ. ಅಂದರೆ ಕಂಪನಿ ಹೊಸದಾಗಿ ಏನನ್ನೂ ಬೇಯಿಸಿಲ್ಲ. ಒಬ್ಬನ ಎಲೆಯಿಂದ ಎತ್ತಿ ಇನ್ನೊಬ್ಬನ ಎಲೆಗೆ ಬಡಿಸಿ, ಬಡಿಸಿದ ಕೂಲಿ ತಾನು ಇಟ್ಟುಕೊಂಡಿದೆ. ಎಲೆ ಬರಿದಾದವನಿಗೆ ಅದರಲ್ಲಿ ಪಾಲಿಲ್ಲ. ಇದಕ್ಕಿಂತ ಕೆಟ್ಟದ್ದು ಮುಂದಿದೆ: ಸಾಮಾನ್ಯ ಸಾಲು ಉದ್ದವಾದಷ್ಟೂ ಪಾಸಿಗೆ ಬೆಲೆ. ಆತಿಥೇಯನಿಗೆ ತನ್ನ ಅತಿಥಿಗಳ ಆಯಾಸದಿಂದಲೇ ಲಾಭ ಬರುವ ಏರ್ಪಾಡು ಇದು. ಹಾಗೆ ಕೂತ ಮೇಲೆ, ಸಾಲು ಕರಗಿಸುವ ಇನ್ನೊಂದು ಆಟ ಕಟ್ಟಲು ಯಾರಿಗೆ ಮನಸ್ಸು ಬರುತ್ತದೆ?

ಮೈಕೆಲ್ ಸ್ಯಾಂಡೆಲ್ ಎಂಬ ಹಾರ್ವರ್ಡ್ ಪ್ರಾಧ್ಯಾಪಕರು 2012ರಲ್ಲಿ ಬರೆದ ‘ವಾಟ್ ಮನಿ ಕಾಂಟ್ ಬೈ’ ಪುಸ್ತಕದ ಮೊದಲ ಅಧ್ಯಾಯವೇ ಸಾಲು ಹಾರುವುದರ ಕುರಿತಾದದ್ದು. ನಾನು ಮಾತ್ರ ಈ ಪ್ರಶ್ನೆಯನ್ನು ಹಿಡಿದುಕೊಂಡು ಮರಳಿದ್ದು ತೈತ್ತಿರೀಯ ಉಪನಿಷತ್ತಿಗೆ. ಬ್ರಹ್ಮಾನಂದವಲ್ಲಿಯಲ್ಲಿ ಆನಂದದ ಮೀಮಾಂಸೆ ಬರುತ್ತದೆ. ಒಬ್ಬ ಯುವಕ, ಸಜ್ಜನ, ಓದಿದವನು, ಗಟ್ಟಿಮುಟ್ಟಾದವನು. ಐಶ್ವರ್ಯ ತುಂಬಿದ ಇಡೀ ಭೂಮಿ ಅವನದು. ಅವನ ಸುಖವೇ ಮನುಷ್ಯಾನಂದದ ಒಂದು ಅಳತೆ. ಅದರ ನೂರು ಪಟ್ಟು ಮನುಷ್ಯಗಂಧರ್ವರದು, ಅದರ ನೂರು ಪಟ್ಟು ದೇವಗಂಧರ್ವರದು, ಹಾಗೆ ಪಿತೃಗಳು, ದೇವತೆಗಳು, ಇಂದ್ರ, ಬೃಹಸ್ಪತಿ, ಪ್ರಜಾಪತಿ ಎಂದು ಏರುತ್ತ ಬ್ರಹ್ಮಾನಂದದವರೆಗೆ. ತರಗತಿಯಲ್ಲಿ ಇದನ್ನು ಹೇಳುವಾಗ ಹುಡುಗರು ನಗುತ್ತಿದ್ದರು, ಆನಂದಕ್ಕೂ ಮಗ್ಗಿಯೇ ಎಂದು. ಆದರೆ ಮನುಷ್ಯಗಂಧರ್ವರಿಂದ ಮೇಲಿನ ಒಂದೊಂದು ಮೆಟ್ಟಿಲಿನಲ್ಲೂ ಋಷಿ ಒಂದು ಮಾತನ್ನು ಬಿಡದೆ ಸೇರಿಸುತ್ತಾನೆ: ಕಾಮನೆಯ ಪೆಟ್ಟು ತಿನ್ನದ ಶ್ರೋತ್ರಿಯನಿಗೂ ಇದೇ ಆನಂದ ಉಂಟು. ಮೆಟ್ಟಿಲುಗಳಿವೆ, ನಿಜ. ಆದರೆ ಇಂದ್ರನ ಆನಂದ ನೂರು ಪಟ್ಟಾಗಲು ಕೆಳಗಿನ ಗಂಧರ್ವನ ಆನಂದದಿಂದ ಒಂದು ಚೂರನ್ನೂ ಕಿತ್ತುಕೊಂಡಿಲ್ಲ. ಏನೂ ಬೇಡದವನಿಗೆ ಯಾವ ಮೆಟ್ಟಿಲಿನ ಬಾಗಿಲೂ ಮುಚ್ಚಿಲ್ಲ. ಇನ್ನೊಬ್ಬನದು ಕಡಿಮೆಯಾದರೆ ಮಾತ್ರ ಹೆಚ್ಚಾಗುವ ವಸ್ತುವಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಪ್ರೀಮಿಯರ್ ಪಾಸ್ ಮಾರುವುದು ಅಂಥ ವಸ್ತುವನ್ನು. ಅದನ್ನು ಸಂತೋಷ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಪಾರ್ಕುಗಳು ಲಾಭಕ್ಕೆ ಹಿಡಿಯುವ ಇನ್ನೊಂದು ದಾರಿ ಖರ್ಚು ಕಡಿತ. ಅಪ್ಪನ ಅಡುಗೆಯಲ್ಲಿ ಊಟಕ್ಕೆ ಕೂತವರಿಗೆ ಎಂದೂ ಕಾಣದ ಖರ್ಚು ಒಂದಿತ್ತು, ಕಲಾಯಿ. ಹಿತ್ತಾಳೆ ಕೊಪ್ಪರಿಗೆಯ ಒಳಮೈಗೆ ಕಾಲಕಾಲಕ್ಕೆ ತವರ ಹಿಡಿಸದಿದ್ದರೆ ಹುಳಿ ಹಾಕಿದ ಸಾರು ಕಿಲುಬು ಹಿಡಿಯುತ್ತದೆ. ಕಲಾಯಿ ಸಾಬರು ಅಂಗಳದಲ್ಲಿ ಕುಳಿ ತೋಡಿ ಇದ್ದಿಲು ಊದಿ, ಕಾದ ಪಾತ್ರೆಗೆ ನವಸಾಗರ ಎರಚಿ, ತವರದ ಕಡ್ಡಿ ಮುಟ್ಟಿಸಿ, ಬಟ್ಟೆಯಿಂದ ಒಂದೇ ಸುತ್ತಿಗೆ ಬೆಳ್ಳಗೆ ಮಾಡುವುದನ್ನು ನಾವು ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದೆವು. ಕೈ ಬಿಗಿಯಾದ ವರ್ಷ ಮನೆಯಲ್ಲಿ ಎಣ್ಣೆ, ಬಟ್ಟೆ ಕಡಿಮೆಯಾಯಿತು, ಕಲಾಯಿ ನಿಲ್ಲಲಿಲ್ಲ. ಉಣ್ಣುವವನಿಗೆ ಕಾಣದ ಜಾಗದಲ್ಲೇ ಅವನ ಪ್ರಾಣ ನಮ್ಮ ಕೈಯಲ್ಲಿರುತ್ತದೆ, ಅಲ್ಲಿ ಮೋಸ ಮಾಡುವುದು ಅತಿ ಸುಲಭ.

1990ರ ದಶಕದ ಕೊನೆಯಲ್ಲಿ ಡಿಸ್ನಿಲ್ಯಾಂಡ್‌ನ ಆಡಳಿತ ಮೆಕಿನ್ಸೆ ಸಲಹೆಗಾರರನ್ನು ಕರೆಸಿ ನಿರ್ವಹಣೆಯ ವೆಚ್ಚ ಇಳಿಸಲು ಹೊರಟಿತು. 1998ರ ಡಿಸೆಂಬರ್ 24ರಂದು ಕೊಲಂಬಿಯಾ ಎಂಬ ಹಾಯಿಹಡಗಿನ ಆಟದಲ್ಲಿ, ಹಡಗನ್ನು ದಡಕ್ಕೆ ಕಟ್ಟುವಾಗ ಹಗ್ಗ ಸುತ್ತುವ ಲೋಹದ ಗೂಟ ಕಿತ್ತು ಬಂದು ಕಾಯುತ್ತಿದ್ದವರಿಗೆ ಬಡಿಯಿತು. ಒಬ್ಬರು ತೀರಿಕೊಂಡರು. ಅಲ್ಲಿ ನಿಂತಿದ್ದ ಸಿಬ್ಬಂದಿಗೆ ಸಾಕಷ್ಟು ತರಬೇತಿ ಇರಲಿಲ್ಲವೆಂದು ತನಿಖೆ ಹೇಳಿತು. 2003ರ ಸೆಪ್ಟೆಂಬರ್ 5ರಂದು ಅಲ್ಲಿಯದೇ ಬಿಗ್ ಥಂಡರ್ ಮೌಂಟನ್ ಎಂಬ ಆಟದ ರೈಲು ಸುರಂಗದಲ್ಲಿ ಹಳಿ ಬಿಟ್ಟಿತು, 22 ವರ್ಷದ ಯುವಕ ಸತ್ತ. ಇಂಜಿನ್ನಿನ ಒಂದು ಚಕ್ರದ ಬೋಲ್ಟ್‌ಗಳನ್ನು ನಿಯಮದಂತೆ ಬಿಗಿದಿರಲಿಲ್ಲ, ಅವು ಸಡಿಲವಾಗದಂತೆ ಕಟ್ಟಬೇಕಾದ ತಂತಿಯನ್ನು ಕಟ್ಟಿರಲಿಲ್ಲ ಎಂದು ಕ್ಯಾಲಿಫೋರ್ನಿಯಾ ಸರ್ಕಾರದ ವರದಿ ದಾಖಲಿಸಿತು. ಯಾವ ಕಡಿತ ಯಾವ ಬೋಲ್ಟಿಗೆ ತಟ್ಟಿತೆಂದು ಗೆರೆ ಎಳೆದು ತೋರಿಸುವ ಹಕ್ಕು ನನಗಿಲ್ಲ. ಆದರೆ ಕಾಣದ ಕೆಲಸವನ್ನು ದಂಡದ ಖರ್ಚೆಂದು ನೋಡುವ ಕಣ್ಣು ಎಲ್ಲಿ ನೆಲೆಸಿತೋ ಅಲ್ಲಿ ಬೋಲ್ಟು ಬಿಗಿಯುವವನ ಕೈಗೆ ಗೌರವ ಉಳಿಯುವುದಿಲ್ಲ, ಇಷ್ಟನ್ನು ಖಚಿತವಾಗಿ ಹೇಳುತ್ತೇನೆ.

ಲೆಕ್ಕದಲ್ಲೂ ಇಂಥ ಕಡಿತ ಲಾಭವಲ್ಲ. ಪಕ್ಕದಲ್ಲೇ 2001ರಲ್ಲಿ ತೆರೆದ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕನ್ನು ಕೈ ಬಿಗಿಹಿಡಿದು ಕಟ್ಟಿದ್ದರು. ಜನ ಬರಲಿಲ್ಲ. 2007ರಿಂದ 2012ರವರೆಗೆ ನೂರು ಕೋಟಿ ಡಾಲರಿಗೂ ಹೆಚ್ಚು ಸುರಿದು ಸರಿಮಾಡಬೇಕಾಯಿತು.

ಪಂಕ್ತಿಯ ಧರ್ಮವನ್ನು ಅಮೆರಿಕಕ್ಕೆ ಬೋಧಿಸುವ ಯೋಗ್ಯತೆ ನಮಗಿದೆಯೇ? ಈ ಪ್ರಶ್ನೆಯನ್ನು ನಾನು ಜಾರಿಸಲಾರೆ. ಅಪ್ಪ ಒಂದೇ ಸೌಟಿನಲ್ಲಿ ಬಡಿಸಲು ಹೇಳಿದ ಅದೇ ಚಪ್ಪರಗಳಲ್ಲಿ ಜಾತಿಯ ಮೇಲೆ ಬೇರೆ ಬೇರೆ ಪಂಕ್ತಿ ಕೂರಿಸುತ್ತಿದ್ದರು, ಕೆಲವರನ್ನು ಚಪ್ಪರದ ಹೊರಗೆ ಕೂರಿಸುತ್ತಿದ್ದರು. ಹನ್ನೆರಡನೆಯ ಶತಮಾನದಲ್ಲೇ ಶರಣರು ದಾಸೋಹ ನಡೆಸಿ ತೋರಿಸಿದ ಮೇಲೂ ನಾವು ಕಲಿಯಲಿಲ್ಲ. ಹುಟ್ಟಿನ ಪಂಕ್ತಿಭೇದ ಎಷ್ಟು ಹೊಲಸೆಂದು ಇಷ್ಟು ಹತ್ತಿರದಿಂದ ಕಂಡದ್ದರಿಂದಲೇ ದುಡ್ಡಿನ ಪಂಕ್ತಿಭೇದ ನಗುಮುಖದಲ್ಲಿ ಒಳಗೆ ಬರುವಾಗ ನನಗೆ ಗುರುತು ಹತ್ತುತ್ತದೆ.

ಅದು ಬಂದಿರುವುದು ಪಾರ್ಕಿಗೆ ಮಾತ್ರವಲ್ಲ. ತಿರುಮಲದಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನ ಇದೆ. ನಮ್ಮ ಕಡೆಯ ದೇವಸ್ಥಾನಗಳಲ್ಲೂ ಧರ್ಮದರ್ಶನದ ಸಾಲು ಕಂಬಿಗಳ ನಡುವೆ ಬೆವರುತ್ತಿರುವಾಗ ಪಕ್ಕದ ಗೇಟಿನಿಂದ ಚೀಟಿಯವರು ಒಳಗೆ ಹೋಗುತ್ತಾರೆ. ಇಂಥ ವಿಐಪಿ ದರ್ಶನದ ವಿರುದ್ಧದ ಅರ್ಜಿ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ವಿಶೇಷ ಉಪಚಾರ ಸರಿಯಲ್ಲವೆಂಬ ಅನಿಸಿಕೆ ಹೇಳಿಯೂ ಕೋರ್ಟು ತಾನು ಆದೇಶ ಕೊಡಲಿಲ್ಲ. ಅದು ಸಮಾಜ ಮತ್ತು ಆಡಳಿತ ಮಂಡಳಿಗಳು ತೀರ್ಮಾನಿಸಬೇಕಾದದ್ದು ಎಂದಿತು. ಅಂದರೆ ಚೆಂಡು ಈಗ ನಮ್ಮ ಅಂಗಳದಲ್ಲಿದೆ. ಗರ್ಭಗುಡಿಯ ಮುಂದೆ ನಿಲ್ಲುವ ಕ್ಷಣವೂ ರೈಡಿನ ಸೀಟಿನಂತೆಯೇ ಮಿತವಾದದ್ದು. ಪಕ್ಕದ ಗೇಟಿನವನಿಗೆ ಸಿಗುವ ಒಂದು ನಿಮಿಷ ಕಂಬಿಯೊಳಗಿನ ಮುದುಕಿಯದು. ಡಿಸ್ನಿ ಕಂಪನಿಗೆ ಷೇರುದಾರರಿದ್ದಾರೆ ಎಂಬ ನೆಪವಾದರೂ ಇದೆ. ದೇವರಿಗೆ ಯಾವ ಷೇರುದಾರರು?

ಆದ್ದರಿಂದ ನನ್ನ ವಿನಂತಿ ಡಿಸ್ನಿಲ್ಯಾಂಡ್‌ಗಿಂತ ಮೊದಲು ನಮ್ಮ ಜಿಲ್ಲೆಯ ದೇವಸ್ಥಾನಗಳ ವ್ಯವಸ್ಥಾಪನಾ ಸಮಿತಿಗಳಿಗೆ. ಹುಂಡಿ ಇರಲಿ, ಸೇವಾ ಚೀಟಿ ಇರಲಿ, ಅನ್ನದಾನಕ್ಕೆ ದೇಣಿಗೆ ಎಷ್ಟು ಬೇಕಾದರೂ ಕೇಳಿ. ದುಡ್ಡಿನ ದರ್ಶನದ ಗೇಟನ್ನು ಮಾತ್ರ ಮುಚ್ಚಿ. ಆ ಗೇಟು ತೆರೆಯಲೇಬೇಕಿದ್ದರೆ ವಯಸ್ಸಾದವರಿಗೆ, ನಡೆಯಲಾರದವರಿಗೆ, ಕಂಕುಳಲ್ಲಿ ಕೂಸಿರುವ ತಾಯಂದಿರಿಗೆ ತೆರೆಯಿರಿ, ಒಂದು ಪೈಸೆಯನ್ನೂ ಮುಟ್ಟದೆ.